ಅಜ್ಞಾತವಾಸ ಮುಗಿದ ಮೇಲೆ

ಪಾಂಡವರಿಗೆ ಹನ್ನೆರಡು ವರುಷ ವನವಾಸ, ಒಂದು ವರುಷ ಅಜ್ಞಾತವಾಸ. ಎರಡರಲ್ಲಿ ಕಠಿನವಾದುದು ಯಾವುದೆಂದು ಪುರಾಣ ಕೇಳಿ ಬಲ್ಲ ಹಿರಿಯರನ್ನು ಕೇಳಿದರೆ, ಆ ಒಂದು ವರುಷವೇ ಎಂದು ಅನೇಕರು ಹೇಳುವರು. ಕಾಡಿನಲ್ಲಿ ಹಸಿವೆಯಿತ್ತು, ಮಳೆಗಾಳಿಯಿತ್ತು. ಆದರೆ ಅಲ್ಲಿ ಧರ್ಮರಾಯನು ಧರ್ಮರಾಯನಾಗಿಯೇ ಇದ್ದನು. ದ್ರೌಪದಿಯು ಎದುರಿಗೆ ನಿಂತು ಅವನನ್ನು ಹಳಿಯಬಹುದಾಗಿತ್ತು. ವಿರಾಟನ ಊರಿನಲ್ಲಿ ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದ್ದಾಗಲೂ ಆಕೆಯ ಗಂಡನು ಕಂಕನಾಗಿಯೇ ಕುಳಿತಿರಬೇಕಾಯಿತು. ತನ್ನವರ ಸಂಕಟವನ್ನು ಕಂಡೂ ಕಾಣದವನಂತೆ ಇರಬೇಕಾದುದೇ ಅಜ್ಞಾತವಾಸದ ತಿರುಳು. ಮಾರುವೇಷ, ಸುಳ್ಳು ಹೆಸರು, ಇವೆಲ್ಲ ಅದರ ಹೊರಗಿನ ಸಿಪ್ಪೆ ಮಾತ್ರ.

ಇಂಥ ಬಾಳನ್ನು ಇಪ್ಪತ್ತು ಮೂವತ್ತು ವರುಷ ಉದ್ಯೋಗವನ್ನಾಗಿ ಮಾಡಿಕೊಂಡಿರುವವರು ಜಗತ್ತಿನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರನ್ನು ಗೂಢಚಾರರೆಂದು ಕರೆಯುತ್ತೇವೆ. ಅವರ ಸಾಹಸಗಳನ್ನು ಕುರಿತ ಕಾದಂಬರಿಗಳು ನಮ್ಮ ಮನೆಗಳಲ್ಲಿ ದಿಂಬಿನ ಕೆಳಗೂ ಅಡುಗೆಮನೆಯ ಮಾಡದಲ್ಲಿಯೂ ದೊರೆಯುವುವು. ಆ ಕಾದಂಬರಿಗಳು ನಾಯಕನು ಶತ್ರುವಿನ ಕೋಟೆಯಿಂದ ಪಾರಾಗಿ ಬಂದಲ್ಲಿಗೆ ಮುಗಿಯುವುದುಂಟು. ಅವನು ಸೇವೆಯಿಂದ ನಿವೃತ್ತನಾಗಿ, ತಲೆ ನರೆತು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ತನ್ನನ್ನು ಗುರುತಿಸದ ಮಗನ ಬಾಗಿಲಿಗೆ ಬಂದು ನಿಂತಾಗ ಏನಾಗುವುದೆಂಬುದನ್ನು ಅವು ಹೇಳುವುದಿಲ್ಲ. ಗೃಹಸ್ಥರಾದ ನಮಗೆ ಬೇಕಾದುದು ಆ ಭಾಗವೇ ಆದುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ವಿಷಯವು ದಿಲ್ಲಿ ಲಂಡನ್ನುಗಳಿಗೆ ಸೇರಿದ್ದು, ಜಮಖಂಡಿ ಮುಧೋಳಗಳಿಗೆ ಇದರ ಗಂಧವೇನು ಎಂದು ಯಾರಾದರೂ ಕೇಳಿಯಾರು. ನಮ್ಮ ಸೀಮೆಯ ಹಳೆಯ ನಕಾಶೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯು ಸಾಂಗಲಿಯ ಸಂಸ್ಥಾನಕ್ಕೆ ಸೇರಿತ್ತು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ಊರುಗಳು ಅಂದು ನಾಲ್ಕು ಸರಕಾರಗಳ ಕೆಳಗಿದ್ದುವು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವನು ಸಂಜೆಯೊಳಗೆ ಎರಡು ಮೂರು ಆಡಳಿತಗಳ ಗಡಿಯನ್ನು ದಾಟಬಹುದಾಗಿತ್ತು. ಗಡಿಗಳು ಹೀಗೆ ಒತ್ತಾಗಿರುವಲ್ಲಿ ಒಂದೆಡೆಯ ವಾರಂಟು ಇನ್ನೊಂದೆಡೆಯಲ್ಲಿ ಬರಿಯ ಕಾಗದವಾಗುವುದು. ಅಡಗಬೇಕಾದವನಿಗೆ ಹಾದಿ ತಾನಾಗಿಯೇ ತೆರೆಯುವುದು.

೧೯೪೨ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿಯು ಆರಂಭವಾದಾಗ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಲ್ಲಿ ನೂರಾರು ಜನ ತರುಣರು ಭೂಗತರಾದರು. ಹಗಲು ಹೊಲದ ಗುಡಿಸಲಲ್ಲಿ, ರಾತ್ರಿ ಬೇರೆಯವರ ಅಟ್ಟದ ಮೇಲೆ, ಪ್ರತಿಯೊಂದು ಊರಿನಲ್ಲಿಯೂ ಬೇರೆ ಹೆಸರು. ರಂಗನಾಥ ದಿವಾಕರರಂಥ ನಾಯಕರೂ ಎರಡು ವರುಷಗಳಷ್ಟು ಕಾಲ ಹೀಗೆ ಮರೆಯಲ್ಲಿದ್ದು ಕೆಲಸ ಮಾಡಿ, ೧೯೪೪ರಲ್ಲಿ ಗಾಂಧೀಜಿಯವರ ಸಲಹೆಯಂತೆ ಬೆಳಕಿಗೆ ಬಂದು ತಮ್ಮನ್ನು ಸರಕಾರಕ್ಕೆ ಒಪ್ಪಿಸಿಕೊಂಡರು. ಮರಳಲಾರದೆ ಹೋದವರೂ ಉಂಟು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ತಾವೂ ಚಳವಳಿಯಲ್ಲಿ ಪಾಲುಗೊಂಡಿದ್ದ ಅವರ ಪತ್ನಿ ಸಿದ್ದಮ್ಮನವರಿಗೆ ಗಂಡನ ದಾರಿ ಕಾಯುವ ಕೆಲಸವೂ ಅಂದಿಗೆ ಮುಗಿಯಿತು.

ಆ ದಿನಗಳಲ್ಲಿ ಮನೆಯ ಹೆಂಗಸರು ಎರಡು ಬಗೆಯ ಕಷ್ಟವನ್ನು ಹೊತ್ತರು. ಗಂಡನೆಲ್ಲಿ ಎಂದು ಪೋಲೀಸರು ಕೇಳಿದಾಗ ಗೊತ್ತಿದ್ದರೂ ಗೊತ್ತಿಲ್ಲವೆನ್ನಬೇಕು. ಅಪ್ಪನೆಲ್ಲಿ ಎಂದು ಮಗು ಕೇಳಿದಾಗ ಗೊತ್ತಿಲ್ಲದಿದ್ದರೂ ಬರುತ್ತಾನೆ ಎನ್ನಬೇಕು. ಮರೆಯಲ್ಲಿದ್ದವನ ಸುಳ್ಳು ಅವನೊಬ್ಬನದಾಗಿ ಉಳಿಯುವುದಿಲ್ಲ. ಮನೆಮಂದಿಯೆಲ್ಲ ಅದರಲ್ಲಿ ಪಾಲುಗಾರರಾಗಬೇಕಾಗುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ತಳಹದಿ.

ಆದರೆ ಭೂಗತ ದೇಶಭಕ್ತನಿಗೂ ವೃತ್ತಿಯಿಂದ ಗೂಢಚಾರನಾದವನಿಗೂ ಒಂದು ದೊಡ್ಡ ಭೇದವುಂಟು. ಮೊದಲನೆಯವನು ಮರಳಿ ಬಂದಾಗ ಊರು ಅವನಿಗೆ ಹಾರ ಹಾಕಿತು. ಮಗನು ಆ ಹಾರವನ್ನು ಕಂಡನು. ಅಪ್ಪನಿಲ್ಲದ ರಾತ್ರಿಗಳಿಗೆಲ್ಲ ಒಂದು ಅರ್ಥ ದೊರೆಯಿತು. ಎರಡನೆಯವನಿಗೆ ಹಾರವಿಲ್ಲ, ಸಭೆಯಿಲ್ಲ. ಸೇವೆ ಮುಗಿದರೂ ಬಾಯಿ ಬಿಡುವಂತಿಲ್ಲ. ನಮ್ಮ ದೇಶದಲ್ಲಿ ೧೯೨೩ರ ಸರಕಾರಿ ಗೋಪ್ಯ ಕಾಯಿದೆಯು ಇಂದಿಗೂ ಜಾರಿಯಲ್ಲಿದೆ. ೧೯೬೮ರಲ್ಲಿ ಹೊರದೇಶಗಳ ಗುಪ್ತವಾರ್ತೆಗಾಗಿಯೇ ಬೇರೆಯೊಂದು ಸಂಸ್ಥೆ ಸ್ಥಾಪಿತವಾಯಿತು. ೨೦೨೧ರಲ್ಲಿ ಪಿಂಚಣಿಯ ನಿಯಮಗಳನ್ನು ತಿದ್ದಿ, ಗುಪ್ತವಾರ್ತೆಯ ಇಲಾಖೆಗಳಿಂದ ನಿವೃತ್ತರಾದವರು ತಮ್ಮ ಇಲಾಖೆಯ ಕಾರ್ಯಕ್ಷೇತ್ರಕ್ಕೆ ಸೇರಿದ ವಿಷಯವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ಬಿಗಿಗೊಳಿಸಲಾಯಿತು. ರಾಜ್ಯದ ದೃಷ್ಟಿಯಿಂದ ಇದೆಲ್ಲ ಅವಶ್ಯವೇ. ಮನೆಯ ದೃಷ್ಟಿಯಿಂದ ಇದರ ಫಲವೇನು? ‘ನೀನು ಎಲ್ಲಿದ್ದೆ?’ ಎಂಬ ಮಗನ ಪ್ರಶ್ನೆಗೆ ತಂದೆಯು ಸಾಯುವವರೆಗೂ ಪೂರ್ಣವಾದ ಉತ್ತರವನ್ನು ಕೊಡಲಾರನು.

ಒಂದು ಮಾತಿಗಾಗಿ ಹೀಗೆ ಭಾವಿಸೋಣ. ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬನು ಜಮಖಂಡಿಯಲ್ಲಿ ಓದಿ, ಪರೀಕ್ಷೆಗೆ ಕುಳಿತು, ದಿಲ್ಲಿಯ ನೌಕರಿಗೆ ಸೇರಿದನು. ಮನೆಯವರಿಗೆ ಗೊತ್ತಿದ್ದುದು ‘ಕೇಂದ್ರ ಸರಕಾರದ ಕೆಲಸ’ ಎಂಬಷ್ಟೇ. ಮುಧೋಳದ ಕಡೆಯ ಹುಡುಗಿಯನ್ನು ಮೆಚ್ಚಿ ಮದುವೆಯಾದನು. ಮಗ ಹುಟ್ಟಿದನು. ಆಮೇಲೆ ಆರು ತಿಂಗಳಿಗೊಮ್ಮೆ, ವರುಷಕ್ಕೊಮ್ಮೆ, ಕೊನೆಗೆ ಎರಡು ಮೂರು ವರುಷಕ್ಕೊಮ್ಮೆ ಮುಖ ತೋರಿಸತೊಡಗಿದನು. ಪತ್ರದ ಮೇಲೆ ಒಂದು ಊರಿನ ಮುದ್ರೆ, ಮಾತಿನಲ್ಲಿ ಇನ್ನೊಂದು ಊರಿನ ಹೆಸರು. ಹೆಂಡತಿಯು ಮೊದಲು ಕೇಳಿದಳು, ಬಳಿಕ ಅತ್ತಳು, ಬಳಿಕ ಕೇಳುವುದನ್ನು ಬಿಟ್ಟಳು; ಒಂದು ದಿನ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಈಗ ಅವನಿಗೆ ಅರವತ್ತು, ಮಗನಿಗೆ ಮೂವತ್ತು. ಪಿಂಚಣಿಯು ತಪ್ಪದೆ ಬರುತ್ತಿದೆ. ಅವನು ಊರಿಗೆ ಬಂದಿದ್ದಾನೆ. ಇನ್ನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಹಿಡಿದು ಮೊದಲು ಕೌಟಿಲ್ಯನ ಬಳಿಗೆ ಹೋಗೋಣ. ಅವನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ಅದರ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಕನ್ನಡನಾಡಿನಿಂದ ಲೋಕಕ್ಕೆ ದೊರೆತ ಆ ಗ್ರಂಥದಲ್ಲಿ ಗೂಢಪುರುಷರನ್ನು ಕುರಿತು ಹೇಳಿದಷ್ಟು ವಿವರವು ಪ್ರಾಚೀನವಾದ ಬೇರೆ ಗ್ರಂಥಗಳಲ್ಲಿ ದೊರೆಯುವುದು ವಿರಳ. ಒಂದೆಡೆ ನೆಲೆನಿಂತು ಕೆಲಸ ಮಾಡುವವರು ಐದು ಬಗೆ: ಕಪಟ ವಿದ್ಯಾರ್ಥಿ, ಸಂನ್ಯಾಸವನ್ನು ಬಿಟ್ಟವನು, ಒಕ್ಕಲಿಗನ ವೇಷದವನು, ವ್ಯಾಪಾರಿಯ ವೇಷದವನು, ತಪಸ್ವಿಯ ವೇಷದವನು. ಸಂಚಾರ ಮಾಡುವವರು ನಾಲ್ಕು ಬಗೆ: ಸತ್ರಿ, ತೀಕ್ಷ್ಣ, ವಿಷವಿಕ್ಕುವ ರಸದ, ಭಿಕ್ಷುಕಿ. ಅವರ ಸಂಬಳವನ್ನೂ ಅವನು ಗೊತ್ತುಮಾಡಿದ್ದಾನೆ: ನೆಲೆನಿಂತವರಿಗೆ ೧೦೦೦ ಪಣ, ಸಂಚಾರದವರಿಗೆ ೫೦೦ ಪಣ.

ನಾವು ಗಮನಿಸಬೇಕಾದುದು ಅವನು ಈ ಜನರನ್ನು ಆರಿಸುವ ರೀತಿಯನ್ನು. ಸತ್ರಿಗಳೆಂದರೆ ಬಂಧುಬಳಗವಿಲ್ಲದೆ ರಾಜ್ಯವೇ ಸಾಕಬೇಕಾದ ಅನಾಥರು. ರಸದನಾಗಲು ಯೋಗ್ಯನಾದವನು ಬಂಧುಗಳಲ್ಲಿ ಸ್ನೇಹವಿಲ್ಲದ ಕ್ರೂರನು. ಶತ್ರುವಿನ ಸಂಬಳವನ್ನೂ ಪಡೆಯುತ್ತ ತನ್ನ ಅರಸನಿಗೆ ಕೆಲಸ ಮಾಡುವ ಉಭಯವೇತನನನ್ನು ಕಳುಹಿಸುವಾಗ ಅವನ ಹೆಂಡಿರು ಮಕ್ಕಳನ್ನು ಅರಸನು ತನ್ನ ವಶದಲ್ಲಿಟ್ಟುಕೊಳ್ಳಬೇಕು. ಅಂದರೆ ಈ ವೃತ್ತಿಯಲ್ಲಿ ಕುಟುಂಬವು ಇಲ್ಲದಿರಬೇಕು, ಇದ್ದರೆ ಒತ್ತೆಯಾಗಿರಬೇಕು. ಎರಡು ಸಾವಿರ ವರುಷಗಳ ಹಿಂದೆಯೇ ಶಾಸ್ತ್ರಕಾರನು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಾನೆ. ಕೆಲಸದಲ್ಲಿ ಸತ್ತವನ ಹೆಂಡಿರು ಮಕ್ಕಳಿಗೆ ಅನ್ನವನ್ನೂ ವೇತನವನ್ನೂ ಕೊಡಬೇಕೆಂಬ ದಯೆಯನ್ನು ಅವನು ಮರೆತಿಲ್ಲ. ಆದರೆ ಬದುಕಿ ಬಂದವನು ಮಗನ ಮುಂದೆ ಹೇಗೆ ನಿಲ್ಲಬೇಕೆಂಬುದಕ್ಕೆ ಆ ನೂರೈವತ್ತು ಅಧ್ಯಾಯಗಳಲ್ಲಿ ಒಂದಾದರೂ ಮೀಸಲಾಗಿಲ್ಲ. ಅದು ರಾಜನೀತಿಯ ಗ್ರಂಥ. ರಾಜ್ಯವು ವೇತನವನ್ನು ಕೊಡಬಲ್ಲುದು. ಕಳೆದುಹೋದ ಬಾಲ್ಯವನ್ನು ಮಗನಿಗೆ ಅದು ಎಲ್ಲಿಂದ ತಂದುಕೊಟ್ಟೀತು?

ಶಾಸ್ತ್ರದಲ್ಲಿಲ್ಲದುದನ್ನು ಲೋಕದಲ್ಲಿ ಹುಡುಕೋಣ. ನಮ್ಮ ಕಾಲದಲ್ಲಿಯೇ ನಡೆದು, ನಡೆಸಿದವನ ಬಾಯಿಂದಲೇ ಹೊರಬಂದ ವೃತ್ತಾಂತವೊಂದುಂಟು. ಪೂರ್ವ ಜರ್ಮನಿಯಲ್ಲಿ ೧೯೪೯ರಲ್ಲಿ ಹುಟ್ಟಿದ ಆಲ್ಬ್ರೆಖ್ಟ್ ಡಿಟ್ರಿಖ್ ಎಂಬವನು ರಸಾಯನಶಾಸ್ತ್ರವನ್ನು ಓದಿದ ಬುದ್ಧಿವಂತ. ಅವನನ್ನು ಸೋವಿಯತ್ ರಶಿಯಾದ ಕೆ.ಜಿ.ಬಿ. ಎಂಬ ಗುಪ್ತ ಸಂಸ್ಥೆಯು ಆರಿಸಿಕೊಂಡು, ಭಾಷೆಯನ್ನೂ ನಡೆನುಡಿಗಳನ್ನೂ ಕಲಿಸಿ, ೧೯೭೮ರಲ್ಲಿ ಅಮೆರಿಕಕ್ಕೆ ಕಳುಹಿಸಿತು. ಅಲ್ಲಿ ಎಳವೆಯಲ್ಲಿಯೇ ತೀರಿಕೊಂಡಿದ್ದ ಜ್ಯಾಕ್ ಬಾರ್ಸ್ಕಿ ಎಂಬ ಬಾಲಕನ ಜನನಪತ್ರವನ್ನಿಟ್ಟುಕೊಂಡು ಇವನು ಆ ಹೆಸರಿನವನಾದನು. ಜರ್ಮನಿಯಲ್ಲಿ ಒಬ್ಬ ಹೆಂಡತಿ, ಒಬ್ಬ ಚಿಕ್ಕ ಮಗ. ಅಮೆರಿಕದಲ್ಲಿ ಆಕೆಯನ್ನರಿಯದ ಇನ್ನೊಬ್ಬ ಹೆಂಡತಿ, ಒಬ್ಬ ಹೆಣ್ಣು ಮಗು. ೧೯೮೮ರಲ್ಲಿ ಒಡೆಯರು ಮರಳಿ ಬಾ ಎಂದು ಕರೆದಾಗ ಅವನು ಆ ಹೆಣ್ಣು ಮಗುವಿನ ಮೋಹದಿಂದ ಅಲ್ಲಿಯೇ ಉಳಿದನು. ತನಗೆ ಏಡ್ಸ್ ರೋಗ ತಗಲಿದೆಯೆಂದು ಸುಳ್ಳು ಬರೆದು ಬಿಡುಗಡೆ ಪಡೆದನು. ಜರ್ಮನಿಯ ಮನೆಯವರು ಅವನು ಸತ್ತನೆಂದೇ ನಂಬಿದರು. ಒಂದು ಮಗುವನ್ನು ಬಿಡಲಾರದೆ ಇನ್ನೊಂದು ಮಗುವನ್ನು ಬಿಟ್ಟನಲ್ಲ, ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದು?

೧೯೯೭ರಲ್ಲಿ ಅಮೆರಿಕದ ಅಧಿಕಾರಿಗಳು ಅವನನ್ನು ಪತ್ತೆಹಚ್ಚಿದರು. ಅವನು ತಿಳಿದುದನ್ನೆಲ್ಲ ಒಪ್ಪಿಸಿದುದರಿಂದ ಸೆರೆಮನೆ ತಪ್ಪಿತು. ಹೀಗೆ ರಾಜ್ಯದೊಡನೆ ಅವನ ಲೆಕ್ಕ ಮುಗಿಯಿತು. ಮನೆಯ ಲೆಕ್ಕ ಹಾಗೆ ಮುಗಿಯಲಿಲ್ಲ. ಅಮೆರಿಕದಲ್ಲಿ ಬೆಳೆದ ಮಗಳು, ತನಗೆ ಕಾಣದ ದೇಶದಲ್ಲೊಬ್ಬ ಅಣ್ಣನಿದ್ದಾನೆಂದು ತಂದೆಯ ಬಾಯಿಂದ ಕೇಳಿ, ಅವನನ್ನು ತಾನಾಗಿಯೇ ಹುಡುಕಿದಳು. ಆ ದಾರಿಯಿಂದ ಮಗನು ತಂದೆಯ ಬಳಿಗೆ ಬಂದನು. ಕಾಲಕ್ರಮದಲ್ಲಿ ಇಬ್ಬರಿಗೂ ಬಳಕೆಯಾಯಿತು. ಮೊದಲಿನ ಹೆಂಡತಿಯು ಮಾತ್ರ ಅವನೊಡನೆ ಮಾತನಾಡಲು ಇಷ್ಟಪಡಲಿಲ್ಲ. ಈ ಸಂಗತಿಗಳನ್ನು ಅವನೇ ೨೦೧೫ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಹೇಳಿ, ೨೦೧೭ರಲ್ಲಿ ಪುಸ್ತಕವಾಗಿ ಬರೆದನು.

ಈ ವೃತ್ತಾಂತದಲ್ಲಿ ಎರಡು ಅಂಶಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಕಡಿದುಹೋದ ಸಂಬಂಧವನ್ನು ಕೂಡಿಸಿದುದು ಗೂಢಚಾರನ ಜಾಣತನವಲ್ಲ, ಏನೂ ತಪ್ಪು ಮಾಡದ ಹುಡುಗಿಯೊಬ್ಬಳ ಸರಳವಾದ ಅಕ್ಕರೆ. ಇದು ಮೊದಲನೆಯದು. ಮಗನು ಕ್ಷಮಿಸಿದನೆಂದು ಮಗನ ತಾಯಿಯೂ ಕ್ಷಮಿಸಬೇಕೆಂಬ ನಿಯಮವಿಲ್ಲ; ಆಕೆಯ ಮೌನವೂ ಒಂದು ಉತ್ತರವೇ. ಇದು ಎರಡನೆಯದು. ಈ ಎರಡನೆಯದನ್ನು ಒಪ್ಪಿಕೊಳ್ಳುವುದು ಗಂಡಸರಿಗೆ ಕಷ್ಟವಾಗುವುದು. ಮರಳಿ ಬಂದವನಿಗೆ ಬಾಗಿಲು ತೆರೆಯುವುದು ಹೆಂಗಸಿನ ಧರ್ಮವೆಂದು ಅವರು ಬಾಲ್ಯದಿಂದಲೂ ಕೇಳಿಕೊಂಡು ಬಂದವರು.

ಹಾಗಾದರೆ ನಮ್ಮ ಹಿರಿಯರು ಹೇಳಿದ ಕಥೆಗಳು ನಿಜವಾಗಿ ಏನನ್ನು ಹೇಳುತ್ತವೆಂದು ನೋಡೋಣ. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರು ನಳಚರಿತ್ರೆಯಲ್ಲಿ ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಕಥೆಯನ್ನು ತೆಗೆದುಕೊಳ್ಳಿರಿ. ನಳನು ಜೂಜಿನಲ್ಲಿ ರಾಜ್ಯವನ್ನು ಸೋತನು. ಮಗನಾದ ಇಂದ್ರಸೇನನನ್ನೂ ಮಗಳಾದ ಇಂದ್ರಸೇನೆಯನ್ನೂ ದಮಯಂತಿಯು ಸಾರಥಿಯೊಡನೆ ತನ್ನ ತವರಾದ ಕುಂಡಿನಪುರಕ್ಕೆ ಕಳುಹಿಸಿದಳು. ಬಳಿಕ ಕಾಡಿನಲ್ಲಿ ನಳನು ನಿದ್ರಿಸುತ್ತಿದ್ದ ದಮಯಂತಿಯ ಸೀರೆಯನ್ನು ಅರ್ಧ ಕತ್ತರಿಸಿಕೊಂಡು ಹೊರಟುಹೋದನು. ಕಾರ್ಕೋಟಕನ ವಿಷದಿಂದ ರೂಪವು ಕೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಕುದುರೆಗಳನ್ನು ನೋಡಿಕೊಂಡಿದ್ದನು. ಅವನು ಬಿಟ್ಟುಹೋದುದು ಜೂಜಿನ ದೆಸೆಯಿಂದ; ದೇಶಸೇವೆಯಿಂದಲ್ಲ. ಆದರೆ ಬಿಡಲ್ಪಟ್ಟವರ ಕಡೆಯಿಂದ ನೋಡಿದರೆ ರಾತ್ರಿಯು ಅಷ್ಟೇ ಉದ್ದವಾಗಿತ್ತು.

ಮುಂದೆ ಅವರು ಕೂಡಿದ ಕ್ರಮವನ್ನು ಗಮನಿಸಿರಿ. ಹುಡುಕಿಸಿದವಳು ದಮಯಂತಿ. ಕಾಡಿನಲ್ಲಿ ಬಿಟ್ಟುಹೋದವನನ್ನು ಕುರಿತ ಮಾತುಗಳನ್ನು ಕಲಿಸಿ ಅವಳು ಬ್ರಾಹ್ಮಣರನ್ನು ದೇಶದೇಶಕ್ಕೆ ಕಳುಹಿಸಿದಳು. ಉತ್ತರ ಬಂದ ಕಡೆಯಲ್ಲಿ ತನ್ನವನಿರುವನೆಂದು ಊಹಿಸಿದಳು. ಬಾಹುಕನು ರಥ ಹೊಡೆದುಕೊಂಡು ಕುಂಡಿನಪುರಕ್ಕೆ ಬಂದಾಗ ಅವಳು ಓಡಿಬಂದು ಕಾಲಿಗೆ ಬೀಳಲಿಲ್ಲ. ಕೇಶಿನಿಯೆಂಬ ಸಖಿಯನ್ನು ಕಳುಹಿಸಿ ಅವನ ನಡೆನುಡಿಗಳನ್ನು ಪರೀಕ್ಷಿಸಿದಳು. ಅವನು ಮಾಡಿದ ಅಡುಗೆಯ ರುಚಿಯನ್ನು ನೋಡಿದಳು. ಆಮೇಲೆ ಮಕ್ಕಳನ್ನು ಕಳುಹಿಸಿದಳು. ಮಕ್ಕಳನ್ನು ಕಂಡ ಬಾಹುಕನು ಅವರನ್ನೆತ್ತಿ ಅಪ್ಪಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟನು. ಅತ್ತು, ಬಳಿಕ ನಾಚಿ, ಇವರು ನನ್ನ ಮಕ್ಕಳ ಹಾಗೆಯೇ ಇದ್ದಾರೆ, ಅದಕ್ಕಾಗಿ ಕಣ್ಣೀರು ಬಂದಿತು ಎಂದು ಸಖಿಗೆ ನೆಪ ಹೇಳಿದನು. ಎಷ್ಟೋ ಕಾಲ ಹೊತ್ತ ವೇಷವು ಮಕ್ಕಳ ಮೈ ಸೋಕಿದ ಕ್ಷಣದಲ್ಲಿ ಸಡಲಿತು. ಆದರೂ ನಾಲಗೆಯು ಹಳೆಯ ಅಭ್ಯಾಸದಿಂದ ಇನ್ನೊಂದು ಸುಳ್ಳನ್ನು ಹುಡುಕಿತು. ಕಣ್ಣು ನಿಜ ಹೇಳುತ್ತಿರುವಾಗ ಬಾಯಿ ಸುಳ್ಳು ಹೇಳುವ ಈ ಚಿತ್ರದಲ್ಲಿ ಅಜ್ಞಾತವಾಸಿಯ ಸಂಕಟವೆಲ್ಲ ಅಡಗಿದೆ.

ಕಡೆಗೆ ಗಂಡಹೆಂಡಿರು ಎದುರುಬದುರಾದರು. ನಿರಪರಾಧಿಯಾದ ಹೆಂಡತಿಯನ್ನು ಕಾಡಿನಲ್ಲಿ ಮಲಗಿಸಿ ಹೋದವನು ಯಾರು ಎಂದು ಅವಳು ನೇರವಾಗಿ ಕೇಳಿದಳು. ಅವನೂ ತನ್ನ ಮನಸ್ಸನ್ನು ಕೊರೆಯುತ್ತಿದ್ದ ಎರಡನೆಯ ಸ್ವಯಂವರದ ಸುದ್ದಿಯನ್ನು ಎತ್ತಿದನು. ಇಬ್ಬರ ದೂರೂ ಹೊರಬಿದ್ದು, ಇಬ್ಬರಿಗೂ ಉತ್ತರ ದೊರೆತ ಮೇಲೆಯೇ ಅವನು ಕಾರ್ಕೋಟಕನು ಕೊಟ್ಟ ವಸ್ತ್ರವನ್ನು ಹೊದ್ದು ನಿಜರೂಪವನ್ನು ಪಡೆದನು. ಕಾದವಳು ಪರೀಕ್ಷಿಸುವುದು ತಪ್ಪಲ್ಲ, ಪ್ರಶ್ನೆ ಕೇಳುವುದು ತಪ್ಪಲ್ಲ. ಅದೇ ನ್ಯಾಯವಾದ ಕ್ರಮವೆಂದು ಕಥೆಯು ಹೇಳುತ್ತಿದೆ. ಪತಿವ್ರತೆಯರ ಸಾಲಿನಲ್ಲಿ ದಮಯಂತಿಯ ಹೆಸರನ್ನು ನಿತ್ಯವೂ ನೆನೆಯುವ ನಾವು ಅವಳ ಈ ಪರೀಕ್ಷೆಯನ್ನು ಮಾತ್ರ ಮರೆತುಬಿಡುತ್ತೇವೆ.

ಇದಕ್ಕೆ ಪ್ರತಿಯಾದ ಕಥೆಯೂ ನಮ್ಮಲ್ಲಿದೆ. ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಅರ್ಜುನನು ಅಶ್ವಮೇಧದ ಕುದುರೆಯ ಹಿಂದೆ ಮಣಿಪುರಕ್ಕೆ ಬರುವನು. ಅಲ್ಲಿ ಆಳುವ ಬಭ್ರುವಾಹನನು ಚಿತ್ರಾಂಗದೆಯಲ್ಲಿ ಹುಟ್ಟಿದ ಅವನ ಮಗನೇ. ತಂದೆಯೆಂದು ತಿಳಿದು ಮಗನು ಕಾಣಿಕೆಗಳೊಡನೆ ಬಂದು ಕಾಲಿಗೆರಗಿದರೆ, ಅರ್ಜುನನು ಅವನನ್ನು ಹೇಡಿಯೆಂದು ಜರಿದು, ತಾಯಿಯ ಶೀಲಕ್ಕೂ ಕಲಂಕ ಬರುವಂತೆ ಮಾತನಾಡಿ ನೂಕುವನು. ತನ್ನ ಮಗನಾದವನು ತನ್ನಂತೆ ಬಿಲ್ಲು ಹಿಡಿಯದೆ ಕೈಮುಗಿದು ಬಂದನೆಂಬುದೇ ಅವನಿಗೆ ಅವಮಾನ. ಫಲವು ನಿಮಗೆ ಗೊತ್ತಿದೆ: ಮಗನ ಬಾಣದಿಂದ ತಂದೆಯ ತಲೆ ಉರುಳಿತು, ಸಂಜೀವಕ ಮಣಿಯಿಂದ ಮತ್ತೆ ಜೀವ ಬಂದಿತು. ಮಗನು ಮೊದಲು ಪ್ರೀತಿಯನ್ನು ಹಿಡಿದೇ ಬಂದಿದ್ದನು. ಬೆಳೆಸದೆ ಬಿಟ್ಟ ಮಗನಲ್ಲಿ ತನ್ನ ಪ್ರತಿಬಿಂಬವನ್ನು ಹುಡುಕಿದ ತಂದೆಯಿಂದ ಅದು ಕೆಟ್ಟಿತು. ನಮ್ಮ ಮನೆಗಳಲ್ಲಿ ಮಣಿ ದೊರೆಯುವುದಿಲ್ಲ. ಆದುದರಿಂದ ಮಾತು ಆಡುವ ಮೊದಲೇ ಎಚ್ಚರಬೇಕು.

ಮುಧೋಳದಲ್ಲಿ ಹುಟ್ಟಿದ ಮಹಾಕವಿ ರನ್ನನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕೀರ್ತಿ ಪಡೆದ ಅವನ ಗದಾಯುದ್ಧದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿಕೊಳ್ಳುವನು. ಅದಕ್ಕೆ ಮೊದಲು ರಣಭೂಮಿಗೆ ಬಂದ ಧೃತರಾಷ್ಟ್ರ ಗಾಂಧಾರಿಯರು ಅಳುತ್ತ ಸಂಧಿ ಮಾಡಿಕೊಳ್ಳೆಂದು ಬೇಡಿಕೊಂಡರು, ಅವನು ಒಪ್ಪಲಿಲ್ಲ. ಭೀಮನು ದಡದಲ್ಲಿ ನಿಂತು ಹಳಿದಾಗ ನೀರೊಳಗಿನಿಂದ ಎದ್ದು ಬಂದನು. ಮರೆಯಲ್ಲಿ ಬಾಳಿ ಗಟ್ಟಿಯಾದ ಮನಸ್ಸು ಹೀಗೆಯೇ: ಅಕ್ಕರೆಯ ಕರೆಗೆ ಏಳದು, ಪಂಥದ ಕರೆಗೆ ಥಟ್ಟನೆ ಏಳುವುದು. ನಿವೃತ್ತನಾಗಿ ಮನೆಗೆ ಬಂದವನು ಮೊದಲು ತನ್ನಲ್ಲಿ ಪರೀಕ್ಷಿಸಿಕೊಳ್ಳಬೇಕಾದುದು ಇದನ್ನೇ.

ಇನ್ನು ಬನಹಟ್ಟಿಯ ನಮ್ಮ ಗೃಹಸ್ಥನ ಕಡೆಗೆ ತಿರುಗೋಣ. ಅವನಿಗೆ ನಾನು ಹೇಳುವುದು ಇಷ್ಟು. ಮಗನ ಮನೆಗೆ ಮುನ್ಸೂಚನೆಯಿಲ್ಲದೆ ಹೋಗಬೇಡ. ಹಠಾತ್ತಾಗಿ ಬರುವುದು, ಹಠಾತ್ತಾಗಿ ಹೋಗುವುದು, ಇವೆರಡನ್ನೇ ಅವನು ನಿನ್ನಿಂದ ಬಾಲ್ಯದಲ್ಲಿ ಕಂಡಿದ್ದಾನೆ. ಇಂಥ ದಿನ ಇಷ್ಟು ಹೊತ್ತಿಗೆ ಬರುತ್ತೇನೆಂದು ಬರೆ. ಅವನು ಒಪ್ಪಿದರೆ ಆ ಹೊತ್ತಿಗೆ ಸರಿಯಾಗಿ ಹೋಗು. ಹತ್ತು ಸಲ ಹೇಳಿದ ಹೊತ್ತಿಗೆ ಹೋದರೆ, ಹನ್ನೊಂದನೆಯ ಸಲ ಅವನು ನಿನ್ನ ದಾರಿಯನ್ನು ನೋಡುವನು. ದೇಶಕ್ಕಾಗಿ ದುಡಿದೆನೆಂಬ ಮಾತನ್ನು ಬಾಗಿಲಲ್ಲಿಯೇ ಎತ್ತಬೇಡ. ಅದು ನಿಜವೇ ಇರಬಹುದು. ಆದರೆ ಶಾಲೆಯ ಬಹುಮಾನದ ದಿನ ಎಲ್ಲ ಹುಡುಗರ ಅಪ್ಪಂದಿರೂ ಬಂದಿದ್ದಾಗ ತನ್ನ ಅಪ್ಪ ಬರಲಿಲ್ಲವೆಂದು ನೆನೆಸುವವನಿಗೆ ದೇಶದ ಹೆಸರು ಹೇಳಿದರೆ, ದೇಶದ ಮೇಲೆಯೇ ಅವನಿಗೆ ಮುನಿಸು ಬಂದೀತು.

ಹೇಳಬಾರದ ವಿಷಯವನ್ನು ಮಗನು ಕೇಳಿದರೆ ‘ಅದನ್ನು ಹೇಳಲು ನನಗೆ ಅಧಿಕಾರವಿಲ್ಲ’ ಎಂದು ಸ್ಪಷ್ಟವಾಗಿ ಹೇಳು. ಹೊಸದೊಂದು ಕಥೆಯನ್ನು ಕಟ್ಟಬೇಡ. ಗುಟ್ಟನ್ನು ಕಾಯುವುದು ಬೇರೆ, ಸುಳ್ಳಾಡುವುದು ಬೇರೆ. ಕಾಯಿದೆಯು ಮೌನವನ್ನು ಕೇಳುತ್ತದೆ. ಮಗನ ಮುಂದೆ ಸುಳ್ಳಾಡೆಂದು ಕೇಳುವುದಿಲ್ಲ. ಕೆಲಸದ ವಿವರಗಳೆಲ್ಲ ಸರಕಾರಕ್ಕೆ ಸೇರಿದ್ದರೂ, ಮಗನ ಹುಟ್ಟುಹಬ್ಬದ ದಿನ ಎಲ್ಲಿಯೋ ಕುಳಿತು ನೀನು ಏನನ್ನು ನೆನೆದೆ, ಯಾವುದಕ್ಕೆ ಅಂಜಿದೆ, ಯಾವ ರಾತ್ರಿ ನಿದ್ರೆ ಬರಲಿಲ್ಲ ಎಂಬುದು ನಿನ್ನದೇ. ಅದನ್ನು ಹೇಳು. ಮೂವತ್ತು ವರುಷಗಳಲ್ಲಿ ಮಗನಿಗೆ ದೊರೆಯದೆ ಹೋದುದು ಇಂಥ ಮಾತೇ ಹೊರತು ಇಲಾಖೆಯ ಗುಟ್ಟುಗಳಲ್ಲ.

ಮಗನಿಗೂ ಒಂದು ಮಾತುಂಟು. ಅಪ್ಪಾ, ನಿನ್ನ ಸಿಟ್ಟು ನ್ಯಾಯವಾದುದು. ಅದನ್ನು ಬೇಗನೆ ಬಿಟ್ಟುಬಿಡು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಸಿಟ್ಟನ್ನು ನಿನ್ನ ಮಕ್ಕಳಿಗೆ ಆಸ್ತಿಯಾಗಿ ಬರೆದುಕೊಡಬೇಡ. ಮೊಮ್ಮಗುವು ಅಜ್ಜನ ತೊಡೆಯ ಮೇಲೆ ಕುಳಿತರೆ ನಿನ್ನ ಬಾಲ್ಯವು ಮರಳಿ ಬಾರದೆಂಬುದು ನಿಜ. ಆದರೂ ಆ ಮಗುವಿನ ಬಾಲ್ಯವು ಒಂದಿಷ್ಟು ತುಂಬಿಕೊಂಡೀತು. ಜರ್ಮನಿಯ ಮಗನನ್ನು ತಂದೆಯ ಬಳಿಗೆ ಕರೆತಂದವಳು ತಂಗಿಯೆಂಬುದನ್ನು ನೆನೆ. ದೊಡ್ಡವರು ನೇರವಾಗಿ ದಾಟಲಾರದ ಹೊಳೆಯನ್ನು ಚಿಕ್ಕವರು ಆಡುತ್ತ ದಾಟಿಸಿಬಿಡುವರು.

ಆ ತಾಯಿಗೆ ನಾನು ಉಪದೇಶವನ್ನು ಮಾಡಲಾರೆ. ಮೂವತ್ತು ವರುಷ ಮಗನನ್ನು ಒಬ್ಬಳೇ ಸಾಕಿ, ‘ಗಂಡನೆಲ್ಲಿ?’ ಎಂದು ಊರವರು ಕೇಳಿದಾಗಲೆಲ್ಲ ತಲೆ ತಗ್ಗಿಸಿ, ಮದುವೆ ಮುಂಜಿಗಳಲ್ಲಿ ಮುತ್ತೈದೆಯರ ಸಾಲಿನಲ್ಲಿ ಕೂಡಬೇಕೋ ಬೇಡವೋ ಎಂದು ಅಳುಕಿ ಬಾಳಿದವಳಿಗೆ ನಾವು ಕಲಿಸುವುದೇನಿದೆ? ಅವಳು ಮಾತನಾಡುವೆನೆಂದರೆ ಅದು ಅವಳ ಔದಾರ್ಯ. ಬೇಡವೆಂದರೆ ಅದು ಅವಳ ಹಕ್ಕು. ಇನ್ನೊಂದು ಮನೆಯನ್ನು ಕಟ್ಟಿಕೊಂಡಿದ್ದರಂತೂ ಹಳೆಯ ಗಂಡನು ಆ ಓಣಿಯಲ್ಲಿ ಸುಳಿಯಲೂ ಬಾರದು. ಅವಳ ಬಂಧುಗಳಲ್ಲಿಯೂ ನೆರೆಯವರಲ್ಲಿಯೂ ನನ್ನ ಬಿನ್ನಹವೊಂದೇ: ‘ಇಷ್ಟಾದ ಮೇಲೂ ಬಂದಿದ್ದಾನಲ್ಲ, ಕರೆದುಕೋ’ ಎಂದು ಅವಳನ್ನು ಒತ್ತಾಯಿಸಬೇಡಿರಿ. ಅವನು ದೇಶಕ್ಕೆ ಮಾಡಿದ ಸೇವೆಯ ಸಾಲವನ್ನು ಅವಳೊಬ್ಬಳಿಂದ ವಸೂಲು ಮಾಡುವುದು ಯಾವ ನ್ಯಾಯ? ಅವನ ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅಷ್ಟು ವರುಷ ಅವಳೂ ಅದೇ ಸೇವೆಯನ್ನು ಮಾಡಿದ್ದಾಳೆ, ಅದೂ ಪಿಂಚಣಿಯಿಲ್ಲದೆ.

ರಬಕವಿ ಬನಹಟ್ಟಿಗಳಲ್ಲಿ ಮಗ್ಗದ ಸಪ್ಪಳವನ್ನು ಕೇಳದ ಓಣಿಯಿಲ್ಲ. ನೇಯುವಾಗ ಎಳೆಯು ಹರಿದರೆ ಅಲ್ಲಿ ಜಾಣ ನೇಕಾರನು ಮಾಡುವುದೇನೆಂದು ನೀವು ನೋಡಿರುವಿರಿ. ಮಗ್ಗವನ್ನು ನಿಲ್ಲಿಸುವನು, ಹರಿದ ಎರಡು ತುದಿಗಳನ್ನು ಹುಡುಕಿ ಹಿಡಿದು ಗಂಟು ಹಾಕುವನು, ಮತ್ತೆ ಲಾಳಿಯನ್ನು ಎಸೆಯುವನು. ಗಂಟು ಇದ್ದೇ ಇರುತ್ತದೆ. ಬಟ್ಟೆಯ ಹಿಂಬದಿಯನ್ನು ಸವರಿದರೆ ಬೆರಳಿಗೆ ತಗಲುತ್ತದೆ. ಎಳೆಯು ಎಂದೂ ಹರಿದೇ ಇರಲಿಲ್ಲವೆಂದು ತೋರಿಸಲು ಹೋಗುವವನು ಅವಸರದಲ್ಲಿ ಇನ್ನೆರಡು ಎಳೆಗಳನ್ನು ಹರಿಯುವನು.

ನಮ್ಮಲ್ಲಿ ಗೂಢಚಾರರು ಕೆಲವರು ಮಾತ್ರ. ಆದರೆ ಸೈನ್ಯದಲ್ಲಿ, ಹಡಗಿನಲ್ಲಿ, ಅರಬರ ದೇಶಗಳಲ್ಲಿ, ಮುಂಬಯಿಯ ಗಿರಣಿಗಳಲ್ಲಿ ದುಡಿದು ಮಕ್ಕಳ ಬಾಲ್ಯವನ್ನು ಕಳೆದುಕೊಂಡ ತಂದೆಯರು ಉತ್ತರ ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಒಂದೇ ಸೂರಿನ ಕೆಳಗಿದ್ದೂ ಹೆಂಡತಿ ಮಕ್ಕಳಿಗೆ ತಮ್ಮ ಮನಸ್ಸಿನ ಒಂದು ಬಾಗಿಲನ್ನೂ ತೆರೆಯದೆ, ಅಜ್ಞಾತವಾಸದಲ್ಲಿಯೇ ಅರವತ್ತು ಮುಟ್ಟಿದವರು ಅವರಿಗಿಂತಲೂ ಹೆಚ್ಚು. ಈ ಲೇಖನವನ್ನು ಓದುವವರಲ್ಲಿ ಅಂಥವರಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನೊಡನೆ ಒಂದು ನಿಜವಾದ ಮಾತನ್ನು ಆಡಿರಿ. ಅದು ಚಿಕ್ಕದಾದರೂ ಆದೀತು. ಪಾಂಡವರಿಗೆ ಅವಧಿ ಮುಗಿಯುವ ದಿನವನ್ನು ಎಣಿಸಿ ಹೇಳಲು ಭೀಷ್ಮನಿದ್ದನು. ನಮ್ಮ ಅಜ್ಞಾತವಾಸ ಮುಗಿಯಿತೆಂದು ನಾವೇ ಹೇಳಿಕೊಳ್ಳಬೇಕಾಗಿದೆ.